ಶೆಡ್ ಲೇಔಟ್‌ಗೆ ರೋಬೋಟಿಕ್ ಟೋಟಲ್ ಸ್ಟೇಷನ್ ತಗೋಬೇಕು, ಯಾವುದು ತಗೊಳ್ಲಿ?

ಪ್ರಶ್ನೆ: ಸರ್ ನಮಸ್ಕಾರ, ನಮ್ಮೂರು ಸಿಂಧನೂರು. ಸಣ್ಣದಾಗಿ ಸರ್ವೆ ಕಾಂಟ್ರ್ಯಾಕ್ಟ್ ಮಾಡ್ತೀನಿ, ನಾನು ಮತ್ತೆ ಇಬ್ರು ಹುಡುಗ್ರು. ಈಗ ಇರೋದು ಕೈಯಿಂದ ತಿರುಗ್ಸೋ 5 ಸೆಕೆಂಡಿನ ಟೋಟಲ್ ಸ್ಟೇಷನ್, ಅಂದ್ರೆ ಕೋನ, ದೂರ ಎರಡೂ ಅಳೆಯೋ ಸರ್ವೆ ಮಷಿನ್. ತೋರಣಗಲ್ಲು ಕಡೆ ಫ್ಯಾಕ್ಟರಿ ಶೆಡ್‌ಗಳ ಕಾಲಮ್ ಮಾರ್ಕಿಂಗ್, ಆಂಕರ್ ಬೋಲ್ಟ್ (ಕಾಲಮ್ ಹಿಡಿಯೋಕೆ ಕಾಂಕ್ರೀಟ್‌ನಲ್ಲಿ ಹೂಳೋ ಬೋಲ್ಟ್) ಸೆಟ್ಟಿಂಗ್ ಜಾಸ್ತಿ ಬರ್ತಾ ಐತೆ, ಜೊತೆಗೆ ಇಲ್ಲಿ ಗೋಡೌನು, ರೈಸ್ ಮಿಲ್ಲು, ಕಾಲುವೆ ಪಕ್ಕದ ರೋಡು. ರೋಬೋಟಿಕ್‌ಗೆ ಮೂರು ಕೊಟೇಶನ್ ತಗೊಂಡೀನಿ. ಒಂದು 1 ಸೆಕೆಂಡಿಂದು, ಅದೇ ಕಂಪನಿ ಸಾಫ್ಟ್‌ವೇರ್ ಜೊತೆ. ಇನ್ನೊಂದು 5 ಸೆಕೆಂಡಿಂದು, ಎಲ್ಲಾ ಬ್ರ್ಯಾಂಡ್‌ಗೂ ಓಡೋ ಸಾಫ್ಟ್‌ವೇರ್ ಜೊತೆ. ಮೂರನೇದು ಸೆಕೆಂಡ್ ಹ್ಯಾಂಡ್. ಯಾವುದು ತಗೊಳ್ಲಿ? ರೋಬೋಟಿಕ್ ಇದ್ರೆ ಒಬ್ಬನೇ ಕೆಲಸ ಮಾಡಬಹುದು ಅಂತಾರೆ, ನಿಜಾನಾ? ಅಥವಾ ಆರ್‌ಟಿಕೆ ಜಿಪಿಎಸ್ (ಸೆಂಟಿಮೀಟರ್ ಮಟ್ಟಕ್ಕೆ ಜಾಗ ತೋರಿಸೋ ಜಿಪಿಎಸ್) ಒಂದೇ ಸಾಕಾ?

ಉತ್ತರ: ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ನೀವು ಬರೆದಿರೋ ಕೆಲಸಕ್ಕೆ 1 ಸೆಕೆಂಡಿನ ಮಷಿನ್ ಬೇಕಾಗಿಲ್ಲ. ಸೆಕೆಂಡ್ ಅಂದ್ರೆ ಇಲ್ಲಿ ಟೈಮ್ ಅಲ್ಲ, ಕೋನದ ಅಳತೆ (ಒಂದು ಡಿಗ್ರಿಗೆ 60 ಮಿನಿಟ್, ಒಂದು ಮಿನಿಟಿಗೆ 60 ಸೆಕೆಂಡ್), ಕಮ್ಮಿ ಇದ್ದಷ್ಟೂ ಮಷಿನ್ ನಿಖರ. 3 ಸೆಕೆಂಡೋ 5 ಸೆಕೆಂಡೋ ಸಾಕು, ಆದ್ರೆ ಅದು ನಿಜವಾಗ್ಲೂ ಪ್ರಿಸಮ್ (ಪೋಲ್ ಮೇಲಿನ, ಬೆಳಕು ವಾಪಸ್ ಕಳಿಸೋ ಗಾಜು) ಹಿಂದೆ ಹಿಂದೆ ತಿರುಗೋ ಮಷಿನ್ ಆಗಿರಬೇಕು. ಉಳಿದ ದುಡ್ಡನ್ನ ಸಾಫ್ಟ್‌ವೇರ್, ಮಿನಿ ಪ್ರಿಸಮ್, ಕಂಟ್ರೋಲ್ ಪಾಯಿಂಟ್‌ಗೆ (ಅಳತೆ ಗೊತ್ತಿರೋ ಗಟ್ಟಿ ಗುರುತು) ಹಾಕ್ರಿ. ಮತ್ತೆ ಆರಿಸೋ ಕ್ರಮಾನೂ ಉಲ್ಟಾ ಮಾಡ್ರಿ, ಮೊದಲು ಸಾಫ್ಟ್‌ವೇರ್ ನೋಡ್ರಿ, ಆಮೇಲೆ ಮಷಿನ್.

ಯಾಕಂದ್ರೆ ಈಗ ನಿಮ್ಮ ಕೆಲಸದಲ್ಲಿ ತಿಳಿದವರು ಅಂದ್ರೆ ನೀವು, ನೀವು ಮಷಿನ್ ಹಿಂದೆ ನಿಂತು ನೋಡ್ತೀರಿ, ಹುಡುಗ ಪೋಲ್ ಹಿಡ್ಕೊಂಡು ನೀವು ಕೈ ಮಾಡಿದ ಕಡೆ ಸರಿದಾಡ್ತಾನೆ. ರೋಬೋಟಿಕ್ ಬಂದ್ಮೇಲೆ ಇದೆಲ್ಲಾ ಅದಲುಬದಲು ಆಗುತ್ತೆ. ಮಷಿನ್ ದೂರದಲ್ಲಿ ಒಂಟಿಯಾಗಿ ನಿಂತಿರುತ್ತೆ, ಯಾವ ಪಾಯಿಂಟು, ಯಾವ ಪ್ರಿಸಮ್ಮು, ಎಷ್ಟು ಎತ್ತರ, ಎಷ್ಟು ತಪ್ಪಿದ್ರೆ ನಡೆಯುತ್ತೆ ಅನ್ನೋ ತೀರ್ಮಾನವೆಲ್ಲಾ ಪೋಲ್ ಹತ್ರ, ಕೈಯಲ್ಲಿ ಹಿಡಿಯೋ ಕಂಟ್ರೋಲರ್ ಸ್ಕ್ರೀನ್ ಮೇಲೆ ಆಗುತ್ತೆ. ಅಂದ್ಮೇಲೆ ಇಡೀ ದಿನ ಬಿಸಿಲಲ್ಲಿ ಮುಟ್ಟಿ ಮುಟ್ಟಿ ಕೆಲಸ ಮಾಡೋದು ಸಾಫ್ಟ್‌ವೇರ್ ಜೊತೇಲೇ ಹೊರತು ಮಷಿನ್ ಜೊತೆ ಅಲ್ಲ. ನಮ್ಮ ಬಳ್ಳಾರಿ, ಕೊಪ್ಪಳ ಕಡೆ ಸೈಟ್‌ಗಳಲ್ಲಿ ರೋಬೋಟಿಕ್ ತಗೊಂಡು ಪೆಟ್ಟಿಗೇಲಿಟ್ಟು ಮತ್ತೆ ಹಳೇ ಮಷಿನ್ನೇ ಹೊರಗೆ ತೆಗ್ಯೋರನ್ನ ನೋಡೀನಿ, ಕಾರಣ ಮಷಿನ್ ಕೆಟ್ಟಿದ್ದಲ್ಲ, ಸಾಫ್ಟ್‌ವೇರ್ ಕೈಗೆ ಒಗ್ಗಲಿಲ್ಲ ಅಷ್ಟೇ.

ಸೆಕೆಂಡಿನ ಲೆಕ್ಕ ಒಂದ್ಸಲ ನೋಡಿಬಿಡ್ರಿ. 1 ಸೆಕೆಂಡ್ ಕೋನ ತಪ್ಪಿದ್ರೆ 100 ಮೀಟರ್ ದೂರದಲ್ಲಿ ಪಾಯಿಂಟ್ ಸರಿಯೋದು ಸುಮಾರು ಅರ್ಧ ಮಿ.ಮೀ., 5 ಸೆಕೆಂಡಿಗೆ ಸುಮಾರು 2.4 ಮಿ.ಮೀ. ಶೆಡ್ ಒಳಗೆ ನೀವು ಕೆಲಸ ಮಾಡೋದು ಸಾಮಾನ್ಯವಾಗಿ 50-60 ಮೀಟರ್ ಒಳಗೇ, ಅಲ್ಲಿ 5 ಸೆಕೆಂಡ್ ಅಂದ್ರೂ 1.2ರಿಂದ 1.5 ಮಿ.ಮೀ. ಈಗ ಪೋಲ್ ಕಡೆ ಬರ್ರಿ. ಪೋಲ್‌ನ ದುಂಡು ಬಬಲ್ 8 ಮಿನಿಟ್‌ನಷ್ಟು ತಪ್ಪಿದ್ರೆ, ಅಂದ್ರೆ ಗುಳ್ಳೆ ಕಣ್ಣಿಗೆ ಸ್ವಲ್ಪ ಪಕ್ಕಕ್ಕೆ ಕಂಡಷ್ಟು, 2 ಮೀಟರ್ ಎತ್ತರದಲ್ಲಿರೋ ಪ್ರಿಸಮ್ ನೆಲದ ಪಾಯಿಂಟಿಂದ 4.6 ಮಿ.ಮೀ. ಆಚೆ ಹೋಗಿರುತ್ತೆ. ಅಂದ್ರೆ ನೀವು 1 ಸೆಕೆಂಡಿಗೆ ಕೊಡೋ ಹೆಚ್ಚಿನ ದುಡ್ಡನ್ನ ಆ ಬಬಲ್ ಒಂದೇ ನುಂಗಿಬಿಡುತ್ತೆ.

ಅದಕ್ಕೇ ಆಂಕರ್ ಬೋಲ್ಟ್‌ಗೆ ಉದ್ದನೆ ಪೋಲ್ ಬೇಡವೇ ಬೇಡ. ಮಿನಿ ಪ್ರಿಸಮ್ ತಗೊಂಡು 10-20 ಸೆಂ.ಮೀ. ಎತ್ತರದ ಪಿನ್ ಮೇಲೆ ಹಾಕ್ರಿ. ಅದೇ 8 ಮಿನಿಟ್ ತಪ್ಪು 20 ಸೆಂ.ಮೀ. ಎತ್ತರಕ್ಕೆ ಅರ್ಧ ಮಿ.ಮೀ.ಗಿಂತ ಕಮ್ಮಿ. ಟೆಂಪ್ಲೇಟ್ ಪ್ಲೇಟ್ (ಬೋಲ್ಟ್‌ಗಳನ್ನ ಜಾಗದಲ್ಲಿ ಹಿಡಿಯೋ ತೂತಿನ ತಗಡು) ಮೇಲೆ ಎರಡೂ ಸೆಂಟರ್ ಲೈನ್ ಮೊಳೆಯಿಂದ ಗೀರಿಸ್ರಿ, ಆ ಗೀರು ಕೂಡೋ ಜಾಗಕ್ಕೆ ಪಿನ್ ತುದಿ ಇಟ್ಟು ಕಂಟ್ರೋಲರ್‌ನಲ್ಲಿ ಓದ್ರಿ, ಸಾಫ್ಟ್‌ವೇರ್ ಇಷ್ಟು ಎಡಕ್ಕೆ ಇಷ್ಟು ಮುಂದಕ್ಕೆ ಅಂತ ಹೇಳ್ತಾ ಹೋದ ಹಾಗೆ ಫಿಟ್ಟರ್ ಸುತ್ತಿಗೇಲಿ ತಟ್ಟಿ ತಟ್ಟಿ ಸರಿಸ್ತಾನೆ, ಕೂತ ಮೇಲೆ ರಾಡಿಗೆ ವೆಲ್ಡ್ ಹಾಕಿಸ್ರಿ, ವೆಲ್ಡ್ ಆದ್ಮೇಲೆ ಇನ್ನೊಂದ್ಸಲ ಓದ್ರಿ ಯಾಕಂದ್ರೆ ವೆಲ್ಡ್ ಎಳೆಯುತ್ತೆ. ಕಾಂಕ್ರೀಟ್ ಸುರಿಯೋವಾಗ ವೈಬ್ರೇಟರ್ ತಾಗಿ ಟೆಂಪ್ಲೇಟ್ ಅಲುಗಾಡೇ ಅಲುಗಾಡುತ್ತೆ, ಅದಕ್ಕೆ ಕಾಂಕ್ರೀಟ್ ಹಸಿ ಇರೋವಾಗ್ಲೇ ಮೂರನೇ ಸಲ ನೋಡ್ರಿ, ಒಣಗಿದ ಮೇಲೆ ನೋಡಿ ಏನೂ ಪ್ರಯೋಜನ ಇಲ್ಲ. ಈ ಮೂರು ಸಲ ಓದೋ ಕೆಲಸ ಕೈ ಮಷಿನ್‌ನಲ್ಲಿ ಬೇಸರ ಬಂದು ಬಿಟ್ಟುಬಿಡ್ತೀವಿ, ರೋಬೋಟಿಕ್‌ನಲ್ಲಿ ಪಟಪಟ ಆಗುತ್ತೆ, ನನ್ನ ಪ್ರಕಾರ ಈ ಮಷಿನ್ ತಗೊಳ್ಳೋಕೆ ಇದೊಂದೇ ಕಾರಣ ಸಾಕು. ಬೋಲ್ಟ್ ತಲೆ ಲೆವೆಲ್ ಮಾತ್ರ ಆಟೋ ಲೆವೆಲ್‌ನಲ್ಲೇ ನೋಡ್ರಿ, ಅದನ್ನ ಮಾರಬ್ಯಾಡ್ರಿ.

ಮಿನಿ ಪ್ರಿಸಮ್ ಅಂದ ತಕ್ಷಣ ಒಂದು ಅಪಾಯ ಹೇಳ್ಲೇಬೇಕು, ಪ್ರಿಸಮ್ ಕಾನ್ಸ್ಟಂಟ್, ಅಂದ್ರೆ ಆಯಾ ಪ್ರಿಸಮ್‌ಗೆ ದೂರದ ಲೆಕ್ಕದಲ್ಲಿ ಸೇರಿಸಬೇಕಾದ ಅಳತೆ. ಲೈಕಾ ಕಂಪನಿಯವರ ಲೆಕ್ಕದಲ್ಲಿ ಅವರ ಸಾದಾ ದುಂಡು ಪ್ರಿಸಮ್ 0, ಮಿನಿ ಪ್ರಿಸಮ್ 17.5 ಮಿ.ಮೀ., 360 ಡಿಗ್ರಿ ಪ್ರಿಸಮ್ 23.1 ಮಿ.ಮೀ. ಅದೇ ದುಂಡು ಪ್ರಿಸಮ್ ಬೇರೆ ಕಂಪನಿ ಮಷಿನ್‌ಗೆ ಹಾಕಿದ್ರೆ ಮೈನಸ್ 34.4 ಕೊಡಬೇಕಾಗುತ್ತೆ. ರೋಡ್ ಕೆಲಸಕ್ಕೆ 360 ಹಾಕಿ ಮಧ್ಯಾಹ್ನ ಬೋಲ್ಟ್‌ಗೆ ಮಿನಿ ಹಾಕಿ ಸಾಫ್ಟ್‌ವೇರ್‌ನಲ್ಲಿ ಬದಲಿಸೋದು ಮರೆತ್ರೆ ಎಲ್ಲಾ ಬೋಲ್ಟೂ 5.6 ಮಿ.ಮೀ. ಮಷಿನ್ ಕಡೆಗೆ ಸರಿದಿರುತ್ತೆ, ಒಂದೇ ಜಾಗದಿಂದ ಓದಿದ್ರೆ ಒಂದಕ್ಕೊಂದು ಟೇಪ್ ಹಿಡಿದಾಗ ಸರೀನೂ ಕಾಣ್ಬಹುದು. ಹಾಗಾಗಿ ಸಾಫ್ಟ್‌ವೇರ್ ನೋಡೋವಾಗ ಮೊದಲನೇ ಪರೀಕ್ಷೆ ಇದೇ: ಈಗ ಯಾವ ಪ್ರಿಸಮ್ ಹಾಕೀವಿ ಅನ್ನೋದು ಸ್ಟೇಕ್‌ಔಟ್ (ಡ್ರಾಯಿಂಗ್‌ನ ಪಾಯಿಂಟ್ ನೆಲದ ಮೇಲೆ ಗುರುತಿಸೋ) ಸ್ಕ್ರೀನ್ ಮೇಲೇ ಸದಾ ಕಾಣಬೇಕು, ಮೂರು ಮೆನು ಒಳಗೆ ಹೋಗಿ ಹುಡುಕೋ ಹಾಗಿರಬಾರದು.

ಈಗ ಸಾಫ್ಟ್‌ವೇರ್. ಕಂಪನಿಯವರದೇ ಅಂದ್ರೆ ಲೈಕಾ ಕ್ಯಾಪ್ಟಿವೇಟ್, ಟ್ರಿಂಬಲ್ ಆಕ್ಸೆಸ್, ಟಾಪ್‌ಕಾನ್ ಮ್ಯಾಗ್ನೆಟ್ ಇಂಥವು, ಇವು ಸರ್ವೇಯರ್‌ಗೆ ಅಂತ ಮಾಡಿದವು, ಟ್ರಾವರ್ಸ್, ರೋಡ್, ಕೋಡ್ ಎಲ್ಲಾ ಇರುತ್ತೆ, ಮೆನುನೂ ಉದ್ದ ಇರುತ್ತೆ. ಇದೇ ಕಂಪನಿಗಳು ಬಿಲ್ಡಿಂಗ್ ಕೆಲಸದವರಿಗೆ ಬೇರೆ ಮಾಡ್ಯಾರೆ, ಲೈಕಾ ಐಕಾನ್, ಟ್ರಿಂಬಲ್ ಫೀಲ್ಡ್‌ಲಿಂಕ್, ಇವುಗಳಲ್ಲಿ ಡ್ರಾಯಿಂಗೇ ಸ್ಕ್ರೀನ್ ತುಂಬಾ ಇರುತ್ತೆ, ಬೇಕಾದ ಕಾಲಮ್ ಮೇಲೆ ಬೆರಳಿಟ್ರೆ ಆಯ್ತು. ಮೂರನೇ ಗುಂಪು ನಿಮ್ಮ ಎರಡನೇ ಕೊಟೇಶನ್‌ನಲ್ಲಿ ಇರೋ ಥರದ್ದು, ಕಾರ್ಲ್‌ಸನ್ ಸರ್ವ್‌ಪಿಸಿ, ಫೀಲ್ಡ್‌ಜೀನಿಯಸ್, ಎಕ್ಸ್-ಪ್ಯಾಡ್, ಇವು ಬೇರೆ ಬೇರೆ ಬ್ರ್ಯಾಂಡ್ ಮಷಿನ್ ಜೊತೆ ಮಾತಾಡ್ತವೆ. ಇದರ ಲಾಭ ಏನಂದ್ರೆ ನಾಳೆ ಮಷಿನ್ ಬದಲಾದ್ರೂ ಹುಡುಗ್ರು ಕಲಿತಿದ್ದು ಬದಲಾಗಲ್ಲ. ತೊಂದರೆ ಏನಂದ್ರೆ ಲಾಕ್ ಬಿಟ್ಟಾಗ (ಪ್ರಿಸಮ್ ಮೇಲಿನ ಹಿಡಿತ ತಪ್ಪಿದಾಗ) ಪ್ರಿಸಮ್ ಹುಡುಕೋದು, ರೇಡಿಯೋ ಮತ್ತೆ ಕೂಡಿಸೋದು ಇಂಥ ಮಷಿನ್ನಿನ ಒಳಗಿನ ಕೆಲವು ಕೆಲಸ ಕಂಪನಿ ಸಾಫ್ಟ್‌ವೇರ್‌ನಷ್ಟು ಸಲೀಸಾಗಿ ಆಗದೇ ಇರಬಹುದು, ಮತ್ತೆ ಏನಾದ್ರೂ ನಿಂತುಹೋದ್ರೆ ಮಷಿನ್‌ನವರು ಸಾಫ್ಟ್‌ವೇರ್ ಕಡೆ ಬೆರಳು ತೋರಿಸ್ತಾರೆ, ಸಾಫ್ಟ್‌ವೇರ್‌ನವರು ಮಷಿನ್ ಕಡೆ. ಆ ನಿರ್ದಿಷ್ಟ ಮಷಿನ್ ಮಾಡೆಲ್ ಮತ್ತೆ ಆ ಸಾಫ್ಟ್‌ವೇರ್ ವರ್ಷನ್ ಎರಡನ್ನೂ ಕೂಡಿಸಿ ನಿಮ್ಮ ಎದುರೇ ಓಡಿಸಿ ತೋರಿಸೋವರೆಗೂ ದುಡ್ಡು ಕೊಡಬ್ಯಾಡ್ರಿ.

ಡೆಮೊ ಹೆಂಗೆ ತಗೋಬೇಕು ಅಂತ ಹೇಳ್ತೀನಿ, ಇದು ಸ್ವಲ್ಪ ಉದ್ದ ಆದ್ರೂ ಓದ್ರಿ. ಡೀಲರ್ ತಂದಿರೋ ಸ್ಯಾಂಪಲ್ ಫೈಲ್ ಬೇಡ ಅನ್ರಿ. ತೋರಣಗಲ್ಲಿನ ನಿಮ್ಮದೇ ಹಳೇ ಕೆಲಸದ ಡ್ರಾಯಿಂಗ್ ಒಯ್ರಿ, ಅದೂ ಡ್ರಾಫ್ಟ್ಸ್‌ಮನ್ ಹೆಂಗೆ ಕೊಟ್ಟಿದ್ನೋ ಹಂಗೇ, ಕ್ಲೀನ್ ಮಾಡದೆ. ಸ್ಟ್ರಕ್ಚರಲ್ ಡ್ರಾಯಿಂಗ್ ಎಲ್ಲಾ ಮಿ.ಮೀ.ನಲ್ಲಿ ಇರುತ್ತೆ, ಫೀಲ್ಡ್ ಸಾಫ್ಟ್‌ವೇರ್ ಮೀಟರ್ ಅಂತ ತಿಳ್ಕೊಂಡ್ರೆ 60 ಮೀಟರ್ ಶೆಡ್ 60 ಕಿಲೋಮೀಟರ್ ಆಗಿ ಕೂತಿರುತ್ತೆ, ಅದನ್ನ ಒಳಗೆ ತಗೊಳ್ಳೋವಾಗ್ಲೇ ಕೇಳಿ ಸರಿ ಮಾಡುತ್ತಾ ನೋಡ್ರಿ. ಡಿಡಬ್ಲ್ಯೂಜಿ (ಆಟೋಕ್ಯಾಡ್ ಫೈಲ್) ನೇರ ತಗೊಳ್ಳುತ್ತಾ ಅಥವಾ ಡಿಎಕ್ಸ್ಎಫ್ ಮಾಡಿ ಕೊಡಬೇಕಾ, ಬ್ಲಾಕ್ ಒಳಗಿರೋ ಬೋಲ್ಟ್ ಸರ್ಕಲ್‌ನ ಸೆಂಟರ್ ಹಿಡಿಯುತ್ತಾ, ಬೇಡದ ಲೇಯರ್ ಮುಚ್ಚಬಹುದಾ, ಎ-1 ಗ್ರಿಡ್ ಮತ್ತೆ ಎ-12 ಗ್ರಿಡ್ ಎರಡು ಪಾಯಿಂಟ್ ಕೊಟ್ರೆ ಡ್ರಾಯಿಂಗನ್ನ ಸೈಟಿನ ಕೋಆರ್ಡಿನೇಟ್‌ಗೆ ತಿರುಗಿಸಿ ಕೂಡಿಸುತ್ತಾ, ಕೂಡಿಸೋವಾಗ ಸದ್ದಿಲ್ಲದೆ ಸ್ಕೇಲ್ ಬದಲಿಸ್ತಾ ಇಲ್ವಾ. ಈ ಕೊನೇದು ಬಹಳ ಮುಖ್ಯ, ಎರಡು ಪಾಯಿಂಟ್ ನಡುವಿನ ಅಳತೆ ಡ್ರಾಯಿಂಗ್‌ಗೂ ನೆಲಕ್ಕೂ 8 ಮಿ.ಮೀ. ಹೆಚ್ಚುಕಮ್ಮಿ ಇದ್ರೆ ಸಾಫ್ಟ್‌ವೇರ್ ಅದನ್ನ ಹೇಳಬೇಕೇ ಹೊರತು ಇಡೀ ಶೆಡ್ಡನ್ನ ಎಳೆದು ಹೊಂದಿಸಿಬಿಡಬಾರದು.

ಆಮೇಲೆ ಕಂಟ್ರೋಲರನ್ನ ನೀವು ಹಿಡೀಬ್ಯಾಡ್ರಿ, ಹುಡುಗನ ಕೈಗೆ ಕೊಡ್ರಿ. ಮಧ್ಯಾಹ್ನ 12 ಗಂಟೆಗೆ ಹೊರಗೆ ನಿಂತು ಸ್ಕ್ರೀನ್ ಕಾಣುತ್ತಾ, ಬೆವರು ಕೈಗೆ, ಗ್ಲೌಸ್‌ಗೆ ಬಟನ್ ಹತ್ತುತ್ತಾ, ಸ್ಟೇಕ್‌ಔಟ್‌ನಲ್ಲಿ ಬಾಣ ಅವನು ನಿಂತ ದಿಕ್ಕಿಂದ ತೋರಿಸುತ್ತಾ ಅಥವಾ ಮಷಿನ್ ದಿಕ್ಕಿಂದನಾ, ಇದು ತಿಳಿಯದೆ ಹುಡುಗ್ರು ಎಡಕ್ಕೆ ಹೋಗೋ ಬದ್ಲು ಬಲಕ್ಕೆ ಹೋಗ್ತಿರ್ತಾರೆ. ಮೆನು ಇಂಗ್ಲಿಷ್‌ನಲ್ಲೇ ಇರುತ್ತೆ, ಆದ್ರೆ ಡ್ರಾಯಿಂಗ್ ಮುಟ್ಟಿ ಕೆಲಸ ಮಾಡೋ ಹಾಗಿದ್ರೆ ಪಿಯುಸಿ ಮುಗಿಸದ ಹುಡುಗನೂ ಬೇಗ ಹಿಡ್ಕೊಳ್ತಾನೆ, ಪಾಯಿಂಟ್ ನಂಬರ್ ಟೈಪ್ ಮಾಡೋ ಹಾಗಿದ್ರೆ ತಪ್ಪು ನಂಬರ್ ಬಿದ್ದೇ ಬೀಳುತ್ತೆ. ಕೊನೆಗೆ ಸಂಜೆ ಆಗಿರೋ ಕೆಲಸಕ್ಕೆ ರಿಪೋರ್ಟ್ ತೆಗೀರಿ, ಡಿಸೈನ್ ಎಷ್ಟು, ಆಗಿದ್ದು ಎಷ್ಟು, ವ್ಯತ್ಯಾಸ ಎಷ್ಟು, ಪಿಡಿಎಫ್‌ನಲ್ಲೂ ಎಕ್ಸೆಲ್‌ಗೆ ಹೋಗೋ ಸಿಎಸ್‌ವಿಯಲ್ಲೂ ಬರಬೇಕು, ಜೊತೆಗೆ ತಿದ್ದದ ರಾ ಡೇಟಾ ಫೈಲ್ ಬೇರೆ ಉಳೀಬೇಕು. ಫ್ಯಾಬ್ರಿಕೇಶನ್‌ನವರು ಕಾಲಮ್ ಕೂರ್ತಾ ಇಲ್ಲ ಅಂತ ನಿಮ್ಮ ಮೇಲೆ ಹಾಕಿದ ದಿನ, ಬಿಲ್ ನಿಂತ ದಿನ, ನಿಮ್ಮನ್ನ ಕಾಪಾಡೋದು ಆ ಫೈಲೇ.

ಮಷಿನ್ ಕಡೆ ಎರಡು ಮಾತು. ಮೋಟಾರ್ ಇದೆ ಅಂದ ಮಾತ್ರಕ್ಕೆ ರೋಬೋಟಿಕ್ ಅಲ್ಲ. ಕೆಲವು ತಾವೇ ತಿರುಗಿ ಪ್ರಿಸಮ್ ಮಧ್ಯಕ್ಕೆ ಗುರಿ ಇಡ್ತವೆ ಅಷ್ಟೇ, ನೀವು ನಡೆದ್ರೆ ಹಿಂದೆ ಬರಲ್ಲ. ನಿಮಗೆ ಬೇಕಿರೋದು ಟ್ರ್ಯಾಕಿಂಗ್, ಲಾಕ್ ಬಿಟ್ಟಾಗ ತಾನೇ ಹುಡುಕೋದು, ಪೋಲ್‌ನಿಂದ ರೇಡಿಯೋ ಅಥವಾ ದೂರದ ಬ್ಲೂಟೂತ್ ಮೇಲೆ ಓಡೋದು, ಈ ಮೂರೂ ಕೊಟೇಶನ್‌ನಲ್ಲಿ ಬರ್ದಿರಬೇಕು, ಕೆಲವು ಕಡೆ ಇವಕ್ಕೆ ಲೈಸೆನ್ಸ್ ಬೇರೆ ಬೇರೆ ಇರುತ್ತೆ. ಇನ್ನೊಂದು, ತೋರಣಗಲ್ಲಂಥ ಜಾಗದಲ್ಲಿ ಎಲ್ಲರ ಮೈಮೇಲೂ ಹೊಳೆಯೋ ಪಟ್ಟಿ ಇರೋ ಜಾಕೆಟ್ಟು, ಲಾರಿ ಹಿಂದೆ ರಿಫ್ಲೆಕ್ಟರ್ ಸ್ಟಿಕ್ಕರ್, ಮಷಿನ್ ನಿಮ್ಮ ಪ್ರಿಸಮ್ ಬಿಟ್ಟು ಟಿಪ್ಪರ್ ಹಿಂದೆ ಹೋಗಿಬಿಡೋದು ಉಂಟು. ತನ್ನದೇ ಗುರುತು ಸಿಗ್ನಲ್ ಕಳಿಸೋ ಟಾರ್ಗೆಟ್‌ಗಳು ಸಿಗ್ತವೆ, ಟ್ರಿಂಬಲ್‌ನಲ್ಲಿ ಆಕ್ಟಿವ್ ಟಾರ್ಗೆಟ್, ಲೈಕಾದಲ್ಲಿ ಎಪಿ20 ಆಟೋಪೋಲ್, ತುಟ್ಟಿ ಆದ್ರೂ ಗದ್ದಲದ ಸೈಟ್ ನಿಮ್ಮ ಮುಖ್ಯ ಕೆಲಸ ಆಗಿದ್ರೆ ಬೆಲೆ ಕೇಳಿ ಇಟ್ಕೊಳ್ರಿ. ಟಾಪ್‌ಕಾನ್ ಎಲ್‌ಎನ್-150 ಅಂತ ಬರೀ ಲೇಔಟ್‌ಗೆ ಮಾಡಿದ ಸಣ್ಣ ಯಂತ್ರಾನೂ ಐತೆ, ತಾನೇ ಲೆವೆಲ್ ಆಗುತ್ತೆ, 130 ಮೀಟರ್‌ವರೆಗೆ ಕೆಲಸ ಮಾಡುತ್ತೆ, ಬರೀ ಶೆಡ್ ಮಾಡೋರಿಗೆ ಚೆಂದ. ನಿಮಗೆ ಕಾಲುವೆ ರೋಡೂ ಐತಲ್ಲ, ಆ ದೂರಕ್ಕೆ ಅದು ಸಾಲಲ್ಲ, ಪೂರ್ತಿ ಟೋಟಲ್ ಸ್ಟೇಷನ್ನೇ ತಗೊಳ್ರಿ.

ಬಿಸಿಲಿನ ವಿಷಯ ನಮ್ಮ ಕಡೆ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಡಿಸ್ಟೆನ್ಸ್ ಅಳೆಯೋ ಬೆಳಕು ಗಾಳಿ ಬಿಸಿ ಆದ ಹಾಗೆ ಬೇರೆ ವೇಗದಲ್ಲಿ ಹೋಗುತ್ತೆ, ಒಂದು ಡಿಗ್ರಿಗೆ ಸುಮಾರು ಒಂದು ಪಿಪಿಎಂ, ಅಂದ್ರೆ ಕಿಲೋಮೀಟರಿಗೆ ಒಂದು ಮಿ.ಮೀ. ಮಷಿನ್‌ನಲ್ಲಿ ಫ್ಯಾಕ್ಟರಿ ಸೆಟ್ಟಿಂಗ್ 12 ಡಿಗ್ರಿ, 1013 ಮಿಲಿಬಾರ್ ಅಂತಿದ್ದು ನೀವು ರಾಯಚೂರಿನ 42 ಡಿಗ್ರಿಯಲ್ಲಿ, ಅಲ್ಲಿನ 960ರ ಹತ್ರದ ಒತ್ತಡದಲ್ಲಿ ಹಾಗೇ ಓಡಿಸಿದ್ರೆ ಸುಮಾರು 40 ಪಿಪಿಎಂ ತಪ್ಪು, 250 ಮೀಟರಿಗೆ ಒಂದು ಸೆಂಟಿಮೀಟರ್. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ಟೆಂಪರೇಚರ್ ಹಾಕ್ರಿ ಸಾಕು. ಎಸಿ ಕಾರಿಂದ ಇಳಿಸಿದ ಮಷಿನ್ನನ್ನ ತಕ್ಷಣ ಬಳಸಬ್ಯಾಡ್ರಿ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಎರಡು ನಿಮಿಷ ಅನ್ನೋ ಲೆಕ್ಕ ಇಟ್ಕೊಂಡ್ರೆ ಕಾರೊಳಗೆ 25, ಹೊರಗೆ 40 ಇದ್ದಾಗ ಅರ್ಧ ಗಂಟೆ ಕೊಡೆ ನೆರಳಲ್ಲಿ ಬಿಡ್ರಿ. ಆಂಕರ್ ಬೋಲ್ಟ್ ಕೆಲಸ ಬೇಸಿಗೇಲಿ ಬೆಳಿಗ್ಗೆ ಹತ್ತರ ಒಳಗೆ ಮುಗಿಸೋದು ಒಳ್ಳೇದು, ಆಮೇಲೆ ನೆಲದ ಮೇಲಿನ ಗಾಳಿ ಕುದಿಯೋಕೆ ಶುರು ಆದ್ರೆ ಪ್ರಿಸಮ್ಮೇ ಕುಣಿದಂಗೆ ಕಾಣುತ್ತೆ, ಮಷಿನ್ ಯಾವ ಕಂಪನಿದಾದ್ರೂ ಅಷ್ಟೇ.

ಇನ್ನು ನಿಮ್ಮ ಸಿಂಧನೂರಿನ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೇಲಿ ಕೈ ತೂರೋ ಹಾಗೆ ಬಿರಿಯುತ್ತೆ, ಅದರ ಮೇಲೆ ಒಂದಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿದ ಕಂಟ್ರೋಲ್ ಪಾಯಿಂಟ್ ಸುಮ್ನೆ ಕೂರಲ್ಲ. ಬಳ್ಳಾರಿ, ಗಂಗಾವತಿ ಕಡೆ ಬಂಡೆ ಸಿಗುತ್ತೆ, ಬಂಡೆಗೇ ಡ್ರಿಲ್ ಹೊಡೆದು ಮೊಳೆ ಕೂರಿಸಿಬಿಡಬಹುದು, ನಿಮ್ಮ ಕಡೆ ಆ ಅನುಕೂಲ ಇಲ್ಲ. ಹಳೇ ಸೇತುವೆ, ಕಾಲುವೆಯ ಅಕ್ವಡಕ್ಟ್ ಗೋಡೆ, ವರ್ಷಗಳಿಂದ ಕದಲದೆ ನಿಂತಿರೋ ಕಟ್ಟಡ ಇಂಥವುಗಳ ಮೇಲೆ ಪಾಯಿಂಟ್ ಮಾಡ್ರಿ, ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸಿ ರಿಸೆಕ್ಷನ್ ಮಾಡ್ರಿ, ಅಂದ್ರೆ ಗೊತ್ತಿರೋ ಪಾಯಿಂಟ್ ನೋಡಿ ಮಷಿನ್ ತಾನೆಲ್ಲಿ ನಿಂತಿದೆ ಅಂತ ಲೆಕ್ಕ ಹಾಕೋದು. ಎರಡೇ ಪಾಯಿಂಟ್‌ಗೆ ರಿಸೆಕ್ಷನ್ ಮುಗಿಸಬ್ಯಾಡ್ರಿ, ಮೂರು ನಾಲ್ಕು ಇರಲಿ, ಎಲ್ಲಾ ಒಂದೇ ಕಡೆ ಇರದೆ ಸುತ್ತ ಹರಡಿರಲಿ, ಆಗ ಯಾವುದೋ ಒಂದು ಕದಲಿದ್ರೆ ಸಾಫ್ಟ್‌ವೇರೇ ಉಳಿಕೆ ವ್ಯತ್ಯಾಸದಲ್ಲಿ ತೋರಿಸಿಕೊಡುತ್ತೆ.

ಆರ್‌ಟಿಕೆ ಒಂದೇ ಸಾಕಾ ಅಂದ್ರಿ. ಮಣ್ಣು ಕೆಲಸ, ರೋಡ್ ಅಲೈನ್‌ಮೆಂಟ್, ಗಡಿ ಗುರುತಿಗೆ ಬಹಳ ಒಳ್ಳೇದು, ಸರ್ವೆ ಆಫ್ ಇಂಡಿಯಾದ ಕೋರ್ಸ್ ನೆಟ್‌ವರ್ಕ್ (ಸದಾ ಓಡೋ ಜಿಪಿಎಸ್ ಬೇಸ್ ಸ್ಟೇಷನ್‌ಗಳು) ಕರ್ನಾಟಕದಲ್ಲಿ ಇರೋದ್ರಿಂದ ನಮ್ಮದೇ ಬೇಸ್ ಇಡದೆ ಮೊಬೈಲ್ ಇಂಟರ್ನೆಟ್ ಮೇಲೆ ರೋವರ್ (ಕೈಯಲ್ಲಿ ಒಯ್ಯೋ ಜಿಪಿಎಸ್) ಓಡಿಸಬಹುದು. ಆದ್ರೆ ಕಂಪನಿಯವರೇ ಬರೆಯೋ ನಿಖರತೆ ಅಡ್ಡಕ್ಕೆ 8 ಮಿ.ಮೀ., ಎತ್ತರಕ್ಕೆ 15 ಮಿ.ಮೀ. ಆಸುಪಾಸು, ಬೋಲ್ಟ್‌ಗೆ ಅದು ನಡೆಯಲ್ಲ. ಅದಕ್ಕಿಂತ ದೊಡ್ಡ ಬಲೆ ಯುಟಿಎಂ, ಅಂದ್ರೆ ದುಂಡು ಭೂಮಿಯನ್ನ ಪಟ್ಟಿ ಪಟ್ಟಿಯಾಗಿ (ಝೋನ್) ಚಪ್ಪಟೆ ನಕ್ಷೆ ಮಾಡೋ ಪದ್ಧತಿ. ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆ 43ನೇ ಝೋನ್, ಅದರ ನಡು ರೇಖೆ 75 ಡಿಗ್ರಿ. ಆ ರೇಖೆಯಿಂದ ಪೂರ್ವಕ್ಕೆ ಹೋದಂಗೆ ನಕ್ಷೆ ಅಳತೆ ಮತ್ತೆ ನೆಲದ ಅಳತೆ ನಡುವಿನ ಸಂಬಂಧ ಬದಲಾಗ್ತಾ ಹೋಗುತ್ತೆ. ಎತ್ತರದ ಲೆಕ್ಕಾನೂ ಸೇರಿಸಿದ್ರೆ, ಕೊಪ್ಪಳದಲ್ಲಿ ಯುಟಿಎಂ ಪ್ರಕಾರ 60 ಮೀಟರ್ ಗುರುತು ಹಾಕಿದ್ರೆ ನೆಲದ ಮೇಲೆ ಸುಮಾರು 1.7 ಸೆಂ.ಮೀ. ಜಾಸ್ತಿ ಬರುತ್ತೆ, ರಾಯಚೂರಲ್ಲಿ ಅದೇ ಅಳತೆ ಸುಮಾರು 2 ಸೆಂ.ಮೀ. ಕಮ್ಮಿ ಬರುತ್ತೆ. ನಡುವೆ ಇರೋ ನಿಮ್ಮ ಸಿಂಧನೂರಲ್ಲಿ ಹೆಚ್ಚುಕಮ್ಮಿ ಸೊನ್ನೆ! ಅದಕ್ಕೇ ಅಲ್ಲಿ ಕೆಲಸ ಮಾಡಿ ಅಭ್ಯಾಸ ಆದೋರಿಗೆ ಇಂಥದ್ದೊಂದು ಇದೆ ಅಂತಾನೇ ಗೊತ್ತಾಗಲ್ಲ, ರಾಯಚೂರಲ್ಲಿ ದೊಡ್ಡ ಗೋಡೌನ್ ಹಿಡಿದಾಗ ಗೊತ್ತಾಗುತ್ತೆ. ಗಿಣಿಗೇರಾದಿಂದ ಗಂಗಾವತಿ, ಸಿಂಧನೂರು ಮೇಲೆ ರಾಯಚೂರಿಗೆ ಹೋಗೋ ರೈಲು ಮಾರ್ಗದಂಥ ಉದ್ದನೆ ಕೆಲಸದಲ್ಲಿ ಈ ವ್ಯತ್ಯಾಸ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗೋದ್ರೊಳಗೆ ಉಲ್ಟಾನೇ ಆಗುತ್ತೆ. ಹಾಗಾಗಿ ಶೆಡ್‌ಗೆ ಸೈಟಿನದೇ ಲೋಕಲ್ ಗ್ರಿಡ್, ಸ್ಕೇಲ್ 1 ಇಟ್ಟು ಟೋಟಲ್ ಸ್ಟೇಷನ್‌ನಿಂದಲೇ ಮಾಡ್ರಿ, ಜಿಪಿಎಸ್ ಬೇಕಾದ್ರೆ ಆ ಗ್ರಿಡ್‌ಗೆ ಹೊಂದಿಸಿ (ಲೋಕಲೈಸ್ ಮಾಡಿ) ಬಳಸ್ರಿ. ಎರಡೂ ಒಂದೇ ಜಾಬ್ ಫೈಲ್‌ನಲ್ಲಿ ನಡೆಸೋ ಸಾಫ್ಟ್‌ವೇರ್ ಆದ್ರೆ ಮುಂದೆ ರೋವರ್ ತಗೊಂಡಾಗ ಅನುಕೂಲ, ಇದನ್ನೂ ಡೆಮೊದಲ್ಲಿ ಕೇಳ್ರಿ.

ಒಬ್ಬನೇ ಮಾಡಬಹುದಾ? ಮಷಿನ್ ಮಟ್ಟಿಗೆ ಹೌದು, ಸೈಟಿನ ಮಟ್ಟಿಗೆ ಇಲ್ಲ. ಇಷ್ಟು ದುಡ್ಡಿನ ಮಷಿನ್ನನ್ನ ಜೆಸಿಬಿ ಓಡಾಡೋ ಕಡೆ ಒಂಟಿ ಬಿಟ್ಟು 80 ಮೀಟರ್ ಆಚೆ ಬಗ್ಗಿ ಕೂತು ಬೋಲ್ಟ್ ನೋಡೋಕೆ ಮನಸ್ಸು ಬರುತ್ತಾ. ಸ್ಟ್ಯಾಂಡ್ ಕಾಲಿಗೆ ಯಾರಾದ್ರೂ ತಾಗಿಸಿ ಹೋದ್ರೆ ಬ್ಯಾಕ್‌ಸೈಟ್ (ಶುರುವಿಗೆ ಗುರಿ ಇಟ್ಟ ಗೊತ್ತಿರೋ ಪಾಯಿಂಟ್) ಮತ್ತೆ ನೋಡೋವರೆಗೂ ನಿಮಗೆ ಗೊತ್ತಾಗಲ್ಲ. ಇಬ್ಬರನ್ನೂ ಇಟ್ಕೊಳ್ರಿ, ಒಬ್ಬ ಮಷಿನ್ ಹತ್ರ ಕೊಡೆ ಹಿಡ್ಕೊಂಡು ಕಾಯಲಿ, ಒಬ್ಬ ನಿಮ್ಮ ಜೊತೆ ಪೋಲ್‌ಗೆ. ರೋಬೋಟಿಕ್‌ನಿಂದ ಆಳು ಉಳಿಯಲ್ಲ, ಕೂಗಾಟ ಉಳಿಯುತ್ತೆ, ಸಮಯ ಉಳಿಯುತ್ತೆ, ಎಡ ಬಲ ತಪ್ಪು ಕೇಳಿಸಿಕೊಂಡು ಆಗೋ ಎಡವಟ್ಟು ತಪ್ಪುತ್ತೆ. ಕೂಲಿ ಉಳಿಯುತ್ತೆ ಅಂತ ಲೆಕ್ಕ ಹಾಕಿ ಲೋನ್ ಮಾಡಬ್ಯಾಡ್ರಿ, ದಿನಕ್ಕೆ ಎಷ್ಟು ಕಾಲಮ್ ಹೆಚ್ಚು ಆಗುತ್ತೆ ಅನ್ನೋದರ ಮೇಲೆ ಹಾಕ್ರಿ. ಅದು ಗೊತ್ತಾಗಬೇಕು ಅಂದ್ರೆ ಒಂದು ತಿಂಗಳು ಬಾಡಿಗೆಗೆ ತಗೊಂಡು ನೋಡ್ರಿ, ಆ ಬಾಡಿಗೆ ದುಡ್ಡು ದಂಡ ಅಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆ ನನ್ನ ಒಲವು ಕಮ್ಮಿ, ಆದ್ರೆ ಬೇಡವೇ ಬೇಡ ಅನ್ನಲ್ಲ. ಮಷಿನ್ ಚೆನ್ನಾಗಿದ್ದು ಕಂಟ್ರೋಲರ್ ಹಳೇ ವಿಂಡೋಸ್ ಮೊಬೈಲ್ ಕಾಲದ್ದಾಗಿದ್ರೆ ಬಿಡ್ರಿ, ಅದಕ್ಕೆ ಹೊಸ ಸಾಫ್ಟ್‌ವೇರ್ ಬರಲ್ಲ. ಲೈಸೆನ್ಸ್ ಸಾಮಾನ್ಯವಾಗಿ ಸೀರಿಯಲ್ ನಂಬರ್‌ಗೆ ಕಟ್ಟಿರುತ್ತೆ, ನಿಮ್ಮ ಹೆಸರಿಗೆ ಬದಲಾಗುತ್ತಾ ಅಂತ ಕಂಪನಿಯಿಂದ ಬರವಣಿಗೇಲಿ ತಗೊಳ್ರಿ. ಒಂದೇ ಟಾರ್ಗೆಟನ್ನ ಫೇಸ್ 1, ಫೇಸ್ 2 (ದುರ್ಬೀನು ಸೀದಾ ಒಂದ್ಸಲ, ಮಗುಚಿ ಒಂದ್ಸಲ) ಎರಡರಲ್ಲೂ ಆಟೋ ಗುರಿಯಿಂದ್ಲೂ ಕಣ್ಣಿಂದ್ಲೂ ಓದಿ ಹೋಲಿಸ್ರಿ, ನಡೆದಾಡಿ ಲಾಕ್ ಎಷ್ಟು ಸಲ ಬಿಡುತ್ತೆ ನೋಡ್ರಿ, ತಿರುಗೋವಾಗ ಕರಕರ ಸದ್ದು ಬಂದ್ರೆ ವಾಪಸ್ ಬನ್ರಿ. ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇತ್ತೀಚಿನದು ಇರಲಿ.

ಹೊಸದು ತಗೊಂಡ್ರೆ ಡೀಲರ್ ಎಲ್ಲಿಯವರು ಅನ್ನೋದನ್ನ ಬೆಲೆಯಷ್ಟೇ ಗಟ್ಟಿಯಾಗಿ ನೋಡ್ರಿ. ನಿಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ರ, ಅಲ್ಲೂ ಸರ್ವಿಸ್ ಕೊಡ್ತಾರಾ ಕೇಳ್ರಿ. ಮಷಿನ್ ಸರ್ವಿಸ್‌ಗೆ ಹೋದಾಗ ಬದಲಿ ಮಷಿನ್ ಕೊಡ್ತಾರಾ, ಎಷ್ಟು ದಿನದೊಳಗೆ ವಾಪಸ್, ಸಾಫ್ಟ್‌ವೇರ್ ವರ್ಷ ವರ್ಷ ಚಂದಾ ಕಟ್ಟೋದಾ ಅಥವಾ ಒಂದೇ ಸಲನಾ, ಚಂದಾ ನಿಂತ್ರೆ ಹಳೇ ಜಾಬ್ ಫೈಲ್ ತೆಗೆಯೋಕೆ ಬರುತ್ತಾ, ತರಬೇತಿ ನಿಮ್ಮ ಸೈಟಿಗೆ ಬಂದು ಹುಡುಗ್ರಿಗೇ ಕೊಡ್ತಾರಾ, ಇವೆಲ್ಲಾ ಪರ್ಚೇಸ್ ಆರ್ಡರ್‌ನಲ್ಲೇ ಬರೆಸ್ರಿ, ಫೋನ್ ಮಾತು ಬೇಡ. ನಿಮ್ಮ ಎರಡನೇ ಕೊಟೇಶನ್‌ನವರು ಇದಕ್ಕೆಲ್ಲಾ ಒಪ್ಪಿ, ಮೇಲೆ ಹೇಳಿದ ಡೆಮೊ ನಿಮ್ಮದೇ ಡ್ರಾಯಿಂಗ್ ಮೇಲೆ ಪಾಸಾದ್ರೆ ಅದನ್ನೇ ತಗೊಳ್ರಿ. ಒಪ್ಪದಿದ್ರೆ ಮೊದಲನೇ ಕಂಪನಿಯವರನ್ನೇ ಅವರ 3 ಅಥವಾ 5 ಸೆಕೆಂಡಿನ ಮಾಡೆಲ್‌ಗೆ ಬೆಲೆ ಕೇಳ್ರಿ, ಇಳಿದ ದುಡ್ಡಲ್ಲಿ ಎರಡು ಮಿನಿ ಪ್ರಿಸಮ್, ಇನ್ನೊಂದು ಬ್ಯಾಟರಿ, ಒಂದು ಭಾರದ ಮರದ ಟ್ರೈಪಾಡ್ ಸೇರಿಸಿಕೊಳ್ರಿ.